ಶಾಲಿಯೋ, ಶರೀರವೋ?

ಮುಪ್ಪಿನಲ್ಲಿ ಹೊಸ ಪಾಠವನ್ನು ಕಲಿಯುವುದು ಕಷ್ಟ; ಅದನ್ನು ಸೊಸೆಯಿಂದ ಕಲಿಯುವುದು ಇನ್ನೂ ಕಷ್ಟ. ೩೫ ವರ್ಷಗಳ ಕಾಲ ಬಾಲಕರಿಗೆ ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದ ನಮಗೆ ಈ ಎರಡೂ ಒಮ್ಮೆಗೇ ಪ್ರಾಪ್ತವಾದುವು.

ನಮ್ಮ ಮಗನು ಜಪಾನಿನ ಯೊಕೊಹಾಮಾ ನಗರದಲ್ಲಿ ಉದ್ಯೋಗದಲ್ಲಿದ್ದು, ಆ ದೇಶದ ಕನ್ಯೆಯನ್ನೇ ವರಿಸಿದನು. ನಮಗೆ ಅದು ಸಮ್ಮತವಾಗಿರಲಿಲ್ಲ, ವಿವಾಹಕ್ಕೂ ಹೋಗಲಿಲ್ಲ. ಮೂರು ವರ್ಷಗಳ ತರುವಾಯ ಮೊಮ್ಮಗಳು ಹುಟ್ಟಿದಳೆಂದು ತಿಳಿದಾಗ ಮನಸ್ಸು ತಡೆಯದೆ, ಕಳೆದ ಮಾಘಮಾಸದಲ್ಲಿ ಅಲ್ಲಿಗೆ ಹೊರಟೆವು.

ನಾವು ಕರಾವಳಿಯವರು, ಕುಚ್ಚಲಕ್ಕಿಯ ಗಂಜಿಯೂ ಬಂಗುಡೆಯ ಸಾರೂ ನಮಗೆ ಹುಟ್ಟಿನಿಂದ ಬಂದುವು. ಆದರೆ ಬೇಯಿಸದ ಮೀನನ್ನು ಅನ್ನದ ಮೇಲೆ ಜೋಡಿಸಿ ಬೋಗುಣಿಯಲ್ಲಿ ಬಡಿಸುವ 'ಕೈಸೆನ್‌ದೊನ್' ಎಂಬುದರ ವರ್ಣನೆಯನ್ನು ಕೇಳಿದೊಡನೆಯೇ, "ಅದು ಮನುಷ್ಯರ ಆಹಾರವಲ್ಲ" ಎಂದುಬಿಟ್ಟೆವು. ಮಗನ ಮುಖವು ಬಾಡಿತು. ಮರುದಿನ ಸೊಸೆಯು, "ಮಾವ, ತಿನ್ನುವುದು ಬೇಡ, ಮಾಡುವುದು ನೋಡಿ" ಎಂದು ತಾನು ಕಲಿತಷ್ಟು ಕನ್ನಡದಲ್ಲಿ ಅಡಿಗೆಮನೆಗೆ ಕರೆದಳು.

ಗಿಡ್ಡ ಕಾಳಿನ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಯಿಸಿ, ಹೆಚ್ಚುಕಡಿಮೆ ಸಮಪ್ರಮಾಣದ ನೀರಿನಲ್ಲಿ ಗಂಜಿ ಬಸಿಯದೆ ಬೇಯಿಸಿದಳು. ಬಿಸಿ ಅನ್ನವನ್ನು ಅಗಲವಾದ ಮರದ ಪಾತ್ರೆಗೆ ಸುರುವಿ, ಅಕ್ಕಿಯ ವಿನಿಗರಿನಲ್ಲಿ ಸಕ್ಕರೆ ಉಪ್ಪುಗಳನ್ನು ಕರಗಿಸಿ ಚಿಮುಕಿಸಿದಳು. ಕಲಸಿದರೆ ಮುದ್ದೆಯಾಗುವುದೆಂದು ಮರದ ಸಟ್ಟುಗದಿಂದ ಕೊಯ್ಯುವಂತೆ ಬಿಡಿಸುತ್ತ ಹೋದಳು. ಬೀಸಣಿಗೆಯು ನಮ್ಮ ಕೈಗೆ ಬಂದಿತು. ಅನ್ನವು ಮೈಬಿಸಿಗೆ ಇಳಿಯುವವರೆಗೆ ಬೀಸಿದೆವು.

ಬಳಿಕ ಟ್ಯೂನಾ, ಸಾಲ್ಮನ್ ಮೀನುಗಳು. ತೆಳ್ಳನೆಯ ಉದ್ದ ಕತ್ತಿಯನ್ನು ಗರಗಸದಂತೆ ಆಡಿಸದೆ ಒಂದೇ ಎಳೆತದಲ್ಲಿ, ಮಾಂಸದ ಎಳೆಗಳಿಗೆ ಅಡ್ಡಲಾಗಿ ಕೊಯ್ದಳು. ಹಸಿಯಾಗಿ ತಿನ್ನಲೆಂದೇ ಮಾರುವ ಮೀನಲ್ಲದೆ ಬೇರೆಯದು ಕೂಡದಂತೆ. ಕೆಲವು ಮೀನುಗಳಲ್ಲಿ ಅನಿಸಾಕಿಸ್ ಎಂಬ ಹುಳುವಿರುವುದು. ವಿನಿಗರಿಗೆ ಅದು ಸಾಯದು. ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ ೨೪ ಗಂಟೆ ಹೆಪ್ಪುಗಟ್ಟಿಸಿದರೆ ಸಾಯುವುದು. ಆದುದರಿಂದ ನಮ್ಮ ಪೇಟೆಯ ಮೀನಿನಿಂದ ವಾಚಕರು ಈ ಸಾಹಸಕ್ಕೆ ಕೈಹಾಕಬಾರದು.

ಬೋಗುಣಿಗೆ ಅನ್ನ ಹಾಕುತ್ತ ಸೊಸೆಯು, ಸುಶಿ ಮಾಡುವವರು ಇದನ್ನು 'ಶರಿ' ಎನ್ನುವರೆಂದಳು. ನಮ್ಮೊಳಗಿನ ಉಪಾಧ್ಯಾಯನು ಎಚ್ಚೆತ್ತನು. ರಕಾರ ಲಕಾರಗಳಿಗೆ ಅಭೇದವುಂಟಷ್ಟೆ! "ಇದು ನಮ್ಮ 'ಶಾಲಿ' ಶಬ್ದವೇ, ಶಾಲಿಯೆಂದರೆ ಭತ್ತ" ಎಂದು ವಿಸ್ತಾರವಾಗಿ ಉಪನ್ಯಾಸ ಮಾಡಿದೆವು. ಅವಳು ತಾಳ್ಮೆಯಿಂದ ಕೇಳಿ, ಕೈ ತೊಳೆದುಕೊಂಡು ನಿಘಂಟನ್ನು ತಂದಳು. ಅದರಲ್ಲಿದ್ದುದು ಶಾಲಿಯಲ್ಲ, 'ಶರೀರ'. ಬುದ್ಧನ ಅಸ್ಥಿಯ ಅವಶೇಷಗಳಿಗೆ ಆ ಹೆಸರು. ಬೌದ್ಧಮತದೊಡನೆ ಚೀನದ ಮೂಲಕ ಜಪಾನಿಗೆ ಹೋದ ಶಬ್ದ. ಬೆಳ್ಳಗಿನ ಅನ್ನದ ಅಗುಳು ಆ ಅಸ್ಥಿಕಣಗಳನ್ನು ಹೋಲುವುದರಿಂದ ಅನ್ನಕ್ಕೂ ಅದೇ ಹೆಸರಾಯಿತು. "ಮಾವ, ತಪ್ಪು ತಿಳಿಯಬೇಡಿ" ಎಂದು ತಾನೇ ತಪ್ಪಿದವಳಂತೆ ತಲೆ ಬಾಗಿಸಿದಳು.

ನಮಗೆ ನಾಚಿಕೆಯಾಯಿತು. ಬೌದ್ಧಮತವು ಜಪಾನಿಗೆ ಬಂದುದು ಕ್ರಿಸ್ತಶಕ ಆರನೆಯ ಶತಮಾನದಲ್ಲಿ. ಅಷ್ಟು ದೂರದಿಂದ ಬಂದ ಶಬ್ದಕ್ಕೆ ಆ ಜನರು ತಮ್ಮ ಅನ್ನದಲ್ಲಿಯೇ ಎಡೆ ಕೊಟ್ಟರು. ನಾವು ಅಲ್ಲಿಂದ ಬಂದ ಒಂದು ಹೆಣ್ಣುಮಗಳಿಗೆ ಮನಸ್ಸಿನಲ್ಲಿ ಎಡೆ ಕೊಡಲಿಲ್ಲ.

ಬೋಗುಣಿಯನ್ನು ಕೈಗೆತ್ತಿಕೊಂಡೆವು. ಮೊದಲು ಅನ್ನದ ಸಿಹಿಹುಳಿ, ಅನಂತರ ಮೀನಿನ ತಂಪು, ಕೊನೆಯಲ್ಲಿ ಮೂಗಿಗೇರುವ ವಸಾಬಿಯ ಘಾಟು. ನಾವು ಹೆದರಿದ್ದ ನಾತವು ಲೇಶವೂ ಇರಲಿಲ್ಲ. ಮೂರು ವರ್ಷಗಳ ತಪ್ಪಿಗೆ ಕ್ಷಮೆ ಬೇಡುವ ವಾಕ್ಯವು ಮಾತ್ರ ಎಷ್ಟು ಹುಡುಕಿದರೂ ಹೊಳೆಯಲಿಲ್ಲ. ಬರಿದಾದ ಬೋಗುಣಿಯನ್ನು ಮುಂದೆ ನೀಡಿ, "ಇನ್ನಷ್ಟು ಬಡಿಸಮ್ಮ" ಎಂದೆವು. ಅವಳಿಗೆ ಅರ್ಥವಾಯಿತು.