ಎಷ್ಟು ತಾಸಿನ ಹಾದಿ?

ವಿಜಯಪುರದ ಜೋರಾಪುರ ಪೇಟೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಕೇಳುವವರು ಕಡಿಮೆ. ತಿಕೋಟಾ ಅಂದರೆ ಅರ್ಧ ತಾಸು, ಬೆಂಗಳೂರು ಅಂದರೆ ಒಂದು ರಾತ್ರಿ. ಹಾಗಾಗಿ ಮಗ ಅಮೆರಿಕಕ್ಕೆ ಹೊರಟ ಮನೆಯಲ್ಲೂ ಹಿರಿಯರು ಕೇಳುವುದು ಅದೇ: ‘ಎಷ್ಟ್ ತಾಸಿನ ಹಾದಿ ಐತಿ?’

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನವಾದರೆ ಹದಿನಾರು-ಹದಿನೇಳು ತಾಸು. ದೂರ ಸುಮಾರು 14,000 ಕಿಲೋಮೀಟರ್. ಇಲ್ಲಿಂದ ಬೆಂಗಳೂರಿಗೆ ಐನೂರು ಚಿಲ್ಲರೆ ಕಿಲೋಮೀಟರ್, ಅದಕ್ಕೇ ಬಸ್ಸಿಗೆ ಹತ್ತು ತಾಸು ಬೇಕು. ಪೇಟೆಯ ಲೆಕ್ಕದಲ್ಲಿ ಅಮೆರಿಕ ಬೆಂಗಳೂರಿನ ಎರಡು ಪಟ್ಟು ದೂರವೂ ಇಲ್ಲ! ಹಾಗಂತ ಯಾರೂ ವರ್ಷಕ್ಕೆರಡು ಸಲ ಹೋಗಿ ಬರುವುದಿಲ್ಲ, ಆ ಮಾತು ಬೇರೆ.

ಮುಂದಿನ ಪ್ರಶ್ನೆ ದಿಕ್ಕಿನದು. ಗೋಡೆಯ ನಕಾಶೆಯಲ್ಲಿ ಅಮೆರಿಕ ಎಡಕ್ಕೆ, ಅಂದರೆ ಪಡುವಣಕ್ಕೆ. ಆದರೆ ಹತ್ತಿರದ ಹಾದಿ ಬೆಂಗಳೂರಿನಿಂದ ಉತ್ತರಕ್ಕೆ ಹೊರಡುತ್ತದೆ, ಅದೂ ತುಸು ಮೂಡಣಕ್ಕೆ ವಾಲಿ. ನಂಬದವರು ದಾಳಿಂಬೆಯೊಂದನ್ನು ಕೈಗೆತ್ತಿಕೊಂಡು, ಎದುರುಬದುರು ಪಕ್ಕಗಳಲ್ಲಿ, ಸೊಂಟಕ್ಕಿಂತ ತುಸು ಮೇಲೆ ಎರಡು ಚುಕ್ಕೆ ಇಟ್ಟು, ನಡುವೆ ದಾರ ಬಿಗಿಹಿಡಿಯಲಿ. ದಾರ ಸೊಂಟವನ್ನು ಬಳಸುವುದಿಲ್ಲ, ಕಿರೀಟದ ಬದಿಗೇ ಏರುತ್ತದೆ. ಭೂಮಿ ದುಂಡಗಿದೆ ಎಂಬುದನ್ನು ನಮಗೆ ಅಮೆರಿಕದವರು ಹೇಳಿಕೊಡಬೇಕಿಲ್ಲ. ಗಣಿತಜ್ಞ ಭಾಸ್ಕರಾಚಾರ್ಯರ ಊರಾದ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ನಾವು ಅನ್ನುತ್ತೇವೆ, ಅಲ್ಲವೆನ್ನುವ ವಿದ್ವಾಂಸರೂ ಇದ್ದಾರೆ. ಊರು ಯಾವುದೇ ಇರಲಿ, 1150ರ ಅವರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭೂಮಿಯ ಸುತ್ತಳತೆ 4967 ಯೋಜನ. ಅದರ ಮೂರರಲ್ಲೊಂದು ಪಾಲಿಗೆ ತುಸು ಹೆಚ್ಚು, ಸುಮಾರು 1735 ಯೋಜನ, ಈ ಹಾರಾಟ.

ತಾರೀಕಿನ ತಕರಾರು ಇನ್ನೂ ಮಜವಾದದ್ದು. ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟದ್ದು 2021ರ ಜನವರಿ 9, ಶನಿವಾರ ರಾತ್ರಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳೇ, ಉತ್ತರ ಧ್ರುವದ ಮೇಲೆ ಹಾಯ್ದು ಬೆಂಗಳೂರಿಗೆ ಇಳಿಸಿದ್ದು ಸೋಮವಾರ ನಸುಕಿನಲ್ಲಿ. ಹಾರಿದ್ದು ಹದಿನೇಳು ತಾಸು, ನಡುವಿನ ರವಿವಾರ ಮಾತ್ರ ಪೂರ್ತಿ ಮಾಯ. ಎರಡು ಊರುಗಳ ಗಡಿಯಾರಕ್ಕೆ ಚಳಿಗಾಲದಲ್ಲಿ ಹದಿಮೂರೂವರೆ ತಾಸಿನ ಅಂತರ, ರವಿವಾರವನ್ನು ನುಂಗಿದ್ದು ಅದೇ. ಹೋಗುವಾಗ ಇದರ ತಿರುವು: ನೇರ ವಿಮಾನ ಮಧ್ಯಾಹ್ನ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ ಅಲ್ಲಿ ಇಳಿದುಬಿಡುತ್ತದೆ. ‘ಮತ್ತ ಎರಡೇ ತಾಸು ಅನ್ನಲ್ಲ!’ ಎಂದು ಅಜ್ಜಿ ಅಂದರೆ ಉತ್ತರಿಸುವುದು ಸುಲಭವಲ್ಲ.

ಆ ಹದಿನಾರು ತಾಸು ಸದ್ಯಕ್ಕೆ ಇಳಿಯುವ ಲಕ್ಷಣವಿಲ್ಲ. ಅರವತ್ತು ವರ್ಷಗಳ ಹಿಂದಿನ ಜೆಟ್ ವಿಮಾನಗಳೂ ತಾಸಿಗೆ ಒಂಬೈನೂರು ಕಿಲೋಮೀಟರ್ ಆಸುಪಾಸಿನಲ್ಲೇ ಹಾರುತ್ತಿದ್ದವು, ಇಂದಿನವೂ ಅಷ್ಟೇ. ಇಳಿಸುವುದಿದ್ದರೆ ನಮ್ಮ ಕಡೆಯ ತುದಿಯಲ್ಲಿ ಇಳಿಸಬೇಕು. ಧ್ರುವದ ಮೇಲೆ ಆ ವಿಮಾನ ಹಾರಿದ ವರ್ಷವೇ ಬುರಣಾಪುರ-ಮದಭಾವಿ ಬಳಿ ನಮ್ಮೂರ ವಿಮಾನ ನಿಲ್ದಾಣಕ್ಕೂ ಅಡಿಗಲ್ಲು ಬಿತ್ತು. ಅಲ್ಲಿಂದ ದೇವನಹಳ್ಳಿಯ ಬೆಂಗಳೂರು ನಿಲ್ದಾಣಕ್ಕೆ ನೇರ ಹಾರಿದರೆ ಬಸ್ಸಿನ ಹತ್ತು ತಾಸು ಒಂದೂವರೆಗೆ ಇಳಿದೀತು. ಅಮೆರಿಕದ ಹಾದಿಯಲ್ಲಿ ನಾವು ಉಳಿಸಬಹುದಾದ ಎಂಟೂವರೆ ತಾಸು ಇರುವುದು ಕರ್ನಾಟಕದೊಳಗೇ.