ಅರವತ್ತಿರಬೇಕಾದಲ್ಲಿ ನೂರಿಪ್ಪತ್ತು

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ಜನರಿಗೆ ನೆಲ ಅಗೆಯುವ ಯಂತ್ರಗಳಲ್ಲಿ ಎರಡೇ ಜಾತಿ. ಟಯರಿನ ಮೇಲೆ ಓಡುವುದು ‘ಜೆಸಿಬಿ’, ಸರಪಳಿಯ ಮೇಲೆ ತೆವಳುವುದು ‘ಹಿಟಾಚಿ’. ಮಾಡಿದ ಕಂಪನಿ ಯಾವುದೇ ಇರಲಿ, ಹೆಸರು ಮಾತ್ರ ಅದೇ. ಅಂಕಿತನಾಮವೊಂದು ರೂಢನಾಮವಾಗಿ ಬಿಡುವುದಕ್ಕೆ ತರಗತಿಯಲ್ಲಿ ಉದಾಹರಣೆ ಕೊಡಲು ನನಗೆ ಇದು ಬಹಳ ಅನುಕೂಲವಾಗಿತ್ತು. ಕಳೆದ ಮೇ ತಿಂಗಳವರೆಗೆ ಈ ಯಂತ್ರದ ಬಗೆಗಿನ ನನ್ನ ಜ್ಞಾನವೆಲ್ಲ ಇಷ್ಟೇ.

ಅದನ್ನು ಹೆಚ್ಚಿಸಿದವನು ನನ್ನ ಅಣ್ಣನ ಮಗ. ಸಾಲ ಮಾಡಿ ಹಳೆಯದೊಂದು ‘ಹಿಟಾಚಿ’ ಕೊಂಡಿದ್ದ. (ಅದು ಬೇರೊಂದು ಕಂಪನಿಯದು, ಹೆಸರು ಬೇಡ.) ಸಾಲದ ಕಾಗದಕ್ಕೆ ಜಾಮೀನುದಾರನಾಗಿ ನನ್ನ ಸಹಿ ಬಿದ್ದಿತ್ತು. ಜಾಮೀನು ಅರಬ್ಬಿಯಿಂದ ಬಂದ ಶಬ್ದವೆಂದು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದ ನನಗೆ ಅದರ ಅರ್ಥ ಗೊತ್ತಾದದ್ದು ಮಾತ್ರ ಯಂತ್ರ ನಿಂತ ಮೇಲೆ.

ನಿಂತದ್ದು ಜೋಯಿಡಾದ ಹತ್ತಿರ, ಒಬ್ಬರ ತೋಟದಲ್ಲಿ. ಮಳೆಗೆ ಹದಿನೈದು ದಿನ ಉಳಿದಿತ್ತು. ಆ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಮಣ್ಣಿನ ಕೆಲಸ ಮುಗಿದಂತೆಯೇ. ಅರ್ಧ ಗಂಟೆ ಸರಿಯಾಗಿ ಅಗೆಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಗೊಣಗುತ್ತ ನಿಧಾನವಾಗುವುದು. ಚಾಲಕನ ಮುಂದಿನ ಪುಟ್ಟ ಪರದೆಯ ಮೇಲೆ, ಎಂಜಿನ್ನಿನೊಡನೆ ಸಂಪರ್ಕವಿಲ್ಲ ಎಂಬ ಸೂಚನೆ. ಮತ್ತೆ ಸ್ವಲ್ಪ ಹೊತ್ತಿಗೆ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲ ಸರಿ. ಬಿಡಿಭಾಗ ಮಾರುವವರೊಬ್ಬರು ಎಂಜಿನ್ನಿನ ಕಂಟ್ರೋಲರ್ ಹೋಗಿದೆಯೆಂದರು. ಒಂದೂಕಾಲು ಲಕ್ಷ ಕೊಟ್ಟು ಹಳೆಯದೊಂದನ್ನು ತಂದು ಕೂಡಿಸಿದ್ದಾಯಿತು. ಎರಡು ದಿನ ಕಳೆದ ಮೇಲೆ ಮತ್ತೆ ಅದೇ ಹಾಡು.

ಯಂತ್ರ ತಪ್ಪು ಒಪ್ಪಿಕೊಳ್ಳದಿದ್ದರೆ ಮನುಷ್ಯನೊಬ್ಬ ಬೇಕಲ್ಲ. ಮುಂಡಗೋಡದ ಕಡೆಯ ಹುಡುಗನೊಬ್ಬ ಆಪರೇಟರ್ ಆಗಿದ್ದ. ಅವನೇ ಕ್ಯಾಬಿನ್ ತೊಳೆಯುವಾಗ ನೀರು ಹೊಡೆದು ಕೆಡಿಸಿದ್ದಾನೆಂದು ನಮ್ಮವನು ತೀರ್ಮಾನಿಸಿ, ಹನ್ನೆರಡು ದಿನದ ಪಗಾರ ಹಿಡಿದುಕೊಂಡು ಮನೆಗೆ ಕಳಿಸಿಬಿಟ್ಟ. ಕೇಳಿ ನಾನೂ ಸುಮ್ಮನಿದ್ದೆ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿ. ಧಾರವಾಡದಲ್ಲಿ ಇಂಥ ಯಂತ್ರಗಳನ್ನೇ ತಯಾರಿಸುವ ಟಾಟಾ ಹಿಟಾಚಿ ಕಾರ್ಖಾನೆ ಇರುವುದರಿಂದ ಆ ಊರಿನ ಸುತ್ತ ಈ ವಿದ್ಯೆ ಬಲ್ಲವರು ಸಿಗುತ್ತಾರೆ. ಇವನು ಅಲ್ಲಿಯೇ ಸ್ವಂತ ರಿಪೇರಿ ಕೆಲಸ ಹಿಡಿದಿದ್ದ. ಫೋನು ಮಾಡಿದೆ. “ಬರ್ತೀನ್ರಿ ಸರ್. ಆದ್ರ ನಿಮ್ಮ ಸಂಧಿ ಪ್ರಕರಣದಾಗ ಎರಡು ಸಲ ಫೇಲಾದಾವ ನಾನು, ನೆನಪೈತೇನ್ರಿ?” ಎಂದ. ನನಗೆ ನೆನಪಿರಲಿಲ್ಲ. ಅವನಿಗೆ ಚೆನ್ನಾಗಿ ನೆನಪಿತ್ತು.

ಭಾನುವಾರ ಬೆಳಗ್ಗೆ ದಾಂಡೇಲಿ ದಾಟಿ ಹೋದೆವು. ಜೋಯಿಡಾ ತಾಲೂಕಿಗೆ ಹಿಂದೆ ಸೂಪಾ ಎಂದು ಹೆಸರು. ಆ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ಹೆಸರು ಅಣೆಕಟ್ಟಿಗೆ ಉಳಿಯಿತು. ಇಂಥ ಮಾತನ್ನೆಲ್ಲ ನಾನು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಹುಡುಗ ಸೌಜನ್ಯದಿಂದ ಹೂಂಗುಟ್ಟುತ್ತಿದ್ದ.

ಯಂತ್ರದ ಹತ್ತಿರ ಹೋದವನೇ ಅವನು ಸುತ್ತಿಗೆ, ಪಾನಾ ಏನನ್ನೂ ತೆಗೆಯಲಿಲ್ಲ. ಬ್ಯಾಟರಿಯ ಸ್ವಿಚ್ಚು ಆರಿಸಿ, ಆಸನದ ಹಿಂದಿನ ದುಂಡನೆಯ ಸಾಕೆಟ್ಟಿಗೆ ಅಂಗೈಯಗಲದ ಮೀಟರಿನ ಎರಡು ಕಡ್ಡಿ ಚುಚ್ಚಿ ಕುಳಿತ. “ಇದರಾಗ ಯಾರೂ ಸತ್ತಿಲ್ರಿ ಸರ್. ಎಲ್ಲಾರೂ ಅದಾರ. ಮಾತು ಮುಟ್ಟವಲ್ದು, ಅಷ್ಟ.”

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹಿಂದೆ ಯಂತ್ರದ ಒಂದೊಂದು ಸುದ್ದಿಗೂ ಒಂದೊಂದು ವೈರು ಇರುತ್ತಿತ್ತು. ಸುದ್ದಿ ಹೆಚ್ಚಾದ ಹಾಗೆ ವೈರಿನ ಹೊರೆಯೂ ಹೆಚ್ಚಿತು. ಜರ್ಮನಿಯ ಬಾಷ್ ಕಂಪನಿಯವರು 1983ರಲ್ಲಿ ಕೆಲಸ ಆರಂಭಿಸಿ 1986ರಲ್ಲಿ ಲೋಕಕ್ಕೆ ತಿಳಿಸಿದ ‘ಕ್ಯಾನ್’ ಎಂಬ ಪದ್ಧತಿಯಲ್ಲಿ ಎರಡೇ ವೈರು, ಜಡೆಯಂತೆ ಒಂದಕ್ಕೊಂದು ಹೆಣೆದವು. ಎಂಜಿನ್ನು, ಪಂಪು, ಪರದೆ ಎಲ್ಲವೂ ಆ ಜೋಡಿಗೇ ಅಂಟಿಕೊಂಡು ಮಾತಾಡುತ್ತವೆ. ಹೊರಗಿನ ಗದ್ದಲ ಎರಡು ವೈರುಗಳಿಗೂ ಸಮವಾಗಿ ತಟ್ಟುತ್ತದೆ. ಸುದ್ದಿ ಇರುವುದು ಎರಡರ ನಡುವಿನ ವ್ಯತ್ಯಾಸದಲ್ಲಾದ್ದರಿಂದ ಅದು ಕೆಡುವುದಿಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಹೆಚ್ಚು ಜರೂರಿನ ಸುದ್ದಿಯವನು ಮುಂದುವರಿಯುತ್ತಾನೆ, ಮತ್ತೊಬ್ಬ ತಾನಾಗಿ ಸುಮ್ಮನಾಗಿ ಆಮೇಲೆ ಹೇಳುತ್ತಾನೆ. ಮೇಲಿಂದ ಮೇಲೆ ತಪ್ಪು ಮಾತಾಡಿದವನು ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಂಡು, ಮಿತಿ ಮೀರಿದಾಗ ಗುಂಪಿನಿಂದ ಹೊರಗುಳಿಯುತ್ತಾನೆ. ಇಪ್ಪತ್ತು ವರ್ಷ ಅಧ್ಯಾಪಕರ ಸಭೆಗಳಲ್ಲಿ ಕುಳಿತ ನನಗೆ ಇದು ನಂಬಲು ಕಷ್ಟವಾಯಿತು.

ವೈರಿನ ಎರಡು ತುದಿಗಳಲ್ಲೂ 120 ಓಮಿನ ಒಂದೊಂದು ತಡೆ ಇರುತ್ತದೆ. ಅದಿಲ್ಲದಿದ್ದರೆ ಸುದ್ದಿ ತುದಿಗೆ ಬಡಿದು ಹಿಂದಿರುಗಿ, ಕಣಿವೆಯಲ್ಲಿ ಕೂಗಿದವನ ಪ್ರತಿಧ್ವನಿ ಅವನ ಮುಂದಿನ ಮಾತಿಗೇ ತೊಡರುವಂತೆ ತೊಡರುತ್ತದೆ. ಎರಡು ತಡೆಗಳೂ ಸರಿಯಾಗಿ ಕೂಡಿಕೊಂಡಿದ್ದರೆ ಮೀಟರು 60 ತೋರಿಸಬೇಕು. ಒಂದು ಕಡಿದುಹೋಗಿದ್ದರೆ 120. ಎರಡು ವೈರೂ ಒಂದಕ್ಕೊಂದು ತಾಗಿದ್ದರೆ ಹೆಚ್ಚುಕಡಿಮೆ ಸೊನ್ನೆ.

ಮೀಟರು 60 ತೋರಿಸಿತು. ನನ್ನ ಮುಖ ಇಳಿದದ್ದನ್ನು ನೋಡಿ ಅವನು ನಕ್ಕ. “ಈಗ ಆರಾಮ ಕುಂತೈತ್ರಿ. ಗುದ್ದಾಡುವಾಗ ಏನಂತೈತಿ ನೋಡೋಣು.” ನನ್ನ ಕೈಗೆ ಮೀಟರು ಕೊಟ್ಟು, ತಾನು ಕ್ಯಾಬಿನ್ನಿನಿಂದ ಎಂಜಿನ್ನಿನವರೆಗೆ ಹೋಗುವ ವೈರಿನ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತ ಹೋದ. “ಎಷ್ಟ್ರಿ?” “ಅರವತ್ತು.” “ಈಗ?” “ಅರವತ್ತು.” ಮುಕ್ಕಾಲು ಗಂಟೆ ಹೀಗೆಯೇ ಕಳೆಯಿತು. ಮೌಖಿಕ ಪರೀಕ್ಷೆಗೆ ಕುಳಿತ ಹುಡುಗನಂತೆ ನಾನು ಒಂದೇ ಉತ್ತರ ಹೇಳುತ್ತಿದ್ದೆ. ಆಮೇಲೆ ಕೈಯೊಳಗಿನ ಅಂಕಿ ಹಾರಿತು. “ನೂರಿಪ್ಪತ್ತು!” ಎಂದು ನಾನು ಕೂಗಿದ್ದು ತೋಟದ ಯಜಮಾನರ ಮನೆಗೂ ಕೇಳಿಸಿತಂತೆ.

ಎಂಜಿನ್ನಿನ ಪಕ್ಕದ ಕಬ್ಬಿಣದ ಅಂಚಿಗೆ ವೈರಿನ ಕಟ್ಟು ತಿಕ್ಕಿ ತಿಕ್ಕಿ ಸಿಪ್ಪೆ ಹೋಗಿ, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಜೋಡಿಯ ಒಂದು ವೈರು ಎರಡೇ ಎಳೆಯ ಮೇಲೆ ನಿಂತಿತ್ತು. ಯಂತ್ರ ನಡುಗಿದಾಗ ಎಳೆ ಬಿಡುವುದು, ನಿಂತಾಗ ಕೂಡುವುದು.

“ಇಲ್ಲೊಂದು ಕ್ಲ್ಯಾಂಪ್ ಇತ್ರಿ. ಯಾರು ಬಿಚ್ಯಾರ?”

ನನ್ನ ಅಣ್ಣನ ಮಗ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ, “ದೀಪಾವಳಿ ಮುಂದ ರಾತ್ರಿ ಕೆಲಸಕ್ಕಂತ ಲೈಟ್ ಕೂಡಿಸಿದ್ನೆಲ್ಲಾ ಕಾಕಾ, ಆವಾಗ ನಾನ ಬಿಚ್ಚಿದ್ದೆ,” ಎಂದ. ಮತ್ತೆ ಸ್ವಲ್ಪ ತಡೆದು, “ಆ ಹುಡುಗ ಹೇಳಿದ್ದ, ಅಣ್ಣಾ ಅಲ್ಲಿ ವೈರ್ ತಿಕ್ಕಾಕತ್ತಾವ ಅಂತ. ಎರಡು ಸಲ ಹೇಳಿದ್ದ.”

ಕೆಟ್ಟ ತುಂಡು ಕತ್ತರಿಸಿ, ಹೊಸ ಜೋಡಿಯನ್ನು ಅದೇ ಹೆಣಿಗೆಯಲ್ಲಿ ಸೇರಿಸಿ, ಕಾಯಿಸಿದರೆ ಬಿಗಿಯುವ ಕೊಳವೆ ತೊಡಿಸಿ, ರಬ್ಬರಿನ ಕ್ಲ್ಯಾಂಪು ಬಿಗಿದದ್ದು ಒಂದು ಗಂಟೆಯ ಕೆಲಸ. ಎಷ್ಟು ಅಲ್ಲಾಡಿಸಿದರೂ ಮೀಟರು 60 ಬಿಟ್ಟು ಕದಲಲಿಲ್ಲ. ಹುಡುಗ ಕೇಳಿದ ಹಣ ಎಷ್ಟು ಕಡಿಮೆಯಿತ್ತೆಂದರೆ, ಒಂದೂಕಾಲು ಲಕ್ಷ ನೆನೆದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತೋಟದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ನಮ್ಮವನು ರಸ್ತೆಯ ದಿಬ್ಬದವರೆಗೆ ನಡೆದು ಹೋಗಿ ಮುಂಡಗೋಡಕ್ಕೆ ಕರೆ ಮಾಡಿದ. ನಾಲ್ಕು ಸಲ ಮಾಡಿದ. “ಎತ್ತವಲ್ಲ ಕಾಕಾ.” “ಹೋಗಿ ಬಾ,” ಎಂದೆ.

ಮರುದಿನ ನಸುಕಿನಲ್ಲಿ ಪಗಾರದ ದುಡ್ಡು ಜೇಬಿಗಿಟ್ಟುಕೊಂಡು ಯಲ್ಲಾಪುರದ ಮೇಲೆ ಮೋಟಾರ್ ಸೈಕಲ್ಲಿನಲ್ಲಿ ಹೋದ. ಅಲ್ಲಿ ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹುಡುಗ ಬಂದದ್ದು ಮೂರನೆಯ ದಿನ. ಬಂದವನು ನೇರವಾಗಿ ಕ್ಯಾಬಿನ್ ಹತ್ತಲಿಲ್ಲವಂತೆ. ಎಂಜಿನ್ನಿನ ಪಕ್ಕ ಬಗ್ಗಿ, ಹೊಸ ಕ್ಲ್ಯಾಂಪನ್ನು ಬೆರಳಿನಿಂದ ಎಳೆದು ನೋಡಿ, ಆಮೇಲೆ ಹತ್ತಿದನಂತೆ.

ಆ ತಿಂಗಳ ಕಂತು ನಾನೇ ಕಟ್ಟಿದೆ.