ಕಾಳಿಯ ಅಳಿವೆಯಲ್ಲಿ ಕೇಳಿದ ಉಸಿರು

ಕೆ. ಹೊಸಕೋಟೆಯ ಕಾಫಿ ತೋಟಗಳ ಮೇಲೆ ಸುರಿದ ಮಳೆ ಹೇಮಾವತಿ ಸೇರಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಬಿಸಿಲೆ ಹತ್ತಿರದ ಮಂಕನಹಳ್ಳಿ ದಿಬ್ಬದ ಆಚೆ ಬಿದ್ದ ಮಳೆಯದು ಬೇರೆ ದಾರಿ: ಕುಮಾರಧಾರೆ, ನೇತ್ರಾವತಿ, ಅರಬ್ಬಿ ಸಮುದ್ರ. ಅಣ್ಣನ ಮಗಳನ್ನು ಕರೆದುಕೊಂಡು ನಾನು ಹೊರಟದ್ದು ಆ ಸಮುದ್ರಕ್ಕೆ. ರಾತ್ರಿ ಸಕಲೇಶಪುರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ, ಕತ್ತಲಲ್ಲೇ ಘಾಟಿ ಇಳಿದು ಬೆಳಗ್ಗೆ ಕಾರವಾರ.

ಕಾಳಿ ನದಿ ಕಡಲು ಸೇರುವ ಅಳಿವೆಯನ್ನು ದೋಣಿ ದಾಟಿತು. ಹಿಂದೆ ಸದಾಶಿವಗಡದ ಗುಡ್ಡ, ಮುಂದೆ ಕೂರ್ಮಗಡ ದ್ವೀಪ. ದೋಣಿಯವರು ಎಂಜಿನ್ ಆರಿಸಿ, "ಸುಮ್ನೆ ಕೂತ್ಕೊಳ್ಳಿ, ಅವೇ ಬರ್ತವೆ" ಎಂದರು.

ಮೊದಲು ಕೇಳಿದ್ದು ಉಸಿರು. ಕೆರೆಗಿಳಿದ ಎಮ್ಮೆ ತಲೆಯೆತ್ತಿ ಬಿಡುವಂಥ ದಪ್ಪ ಉಸಿರು, ಅದೂ ನಡು ನೀರಿನಲ್ಲಿ! ತಿರುಗಿ ನೋಡುವಷ್ಟರಲ್ಲಿ ಬೂದು ಬಣ್ಣದ ಬೆನ್ನು ಮೇಲೆದ್ದಿತ್ತು. ಬೆನ್ನ ಮೇಲೆ ಉದ್ದನೆಯ ಡುಬ್ಬ, ಡುಬ್ಬದ ಮೇಲೊಂದು ಪುಟ್ಟ ಈಜುರೆಕ್ಕೆ. ನೆತ್ತಿಯ ಮೇಲಿನ ಉಸಿರುರಂಧ್ರ ತೆರೆದು ಮುಚ್ಚಿದ್ದು ಕಣ್ಣಿಗೆ ಕಂಡಿತು. ಪಕ್ಕದಲ್ಲೇ ತಾಯಿಗೆ ಅಂಟಿಕೊಂಡು ಒಂದು ಮರಿ. ನನಗೆ ಮಾತೇ ಹೊರಡಲಿಲ್ಲ. ಮೊಲೆಯುಣಿಸಿ ಮರಿ ಸಾಕುವ, ನಮ್ಮ ಹಾಗೆಯೇ ಗಾಳಿ ಬೇಕಾದ ಜೀವ ಇಡೀ ಬದುಕನ್ನು ಉಪ್ಪು ನೀರಿನಲ್ಲಿ ಕಳೆಯುತ್ತದೆ!

ಇವು ಡುಬ್ಬದ ಡಾಲ್ಫಿನ್‌ಗಳು, ಹಲ್ಲುಳ್ಳ ತಿಮಿಂಗಿಲಗಳ ವಂಶದವು. ಆಳ ಸಮುದ್ರ ಇವಕ್ಕೆ ಒಗ್ಗದು. ನದಿ ತಂದು ಸುರಿಯುವ ಸತ್ವಕ್ಕೆ ಮೀನು ಸೇರುವ ಅಳಿವೆ, ದಡದಂಚಿನ ತೆಳು ನೀರು, ಇಷ್ಟೇ ಇವುಗಳ ಸೀಮೆ. ನಮ್ಮ ಬಲೆ, ಬಂದರು, ಮೋಟಾರು ದೋಣಿ ಎಲ್ಲ ಇರುವುದೂ ಅಲ್ಲೇ. 2017ರಲ್ಲಿ ಇವನ್ನು ಅಳಿವಿನಂಚಿನ ಪ್ರಾಣಿಗಳ ಜಾಗತಿಕ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಕದಡಿದ ನೀರಿನಲ್ಲಿ ಕಣ್ಣು ಹೆಚ್ಚು ದೂರ ಸಾಗದು. ತಾವೇ ಹೊರಡಿಸಿದ ಸದ್ದಿನ ಮರುದನಿ ಕೇಳಿ ಇವು ದಾರಿ, ಮೀನು ಎರಡನ್ನೂ ಅರಿಯುತ್ತವೆ. ಅಂಥ ಕಡೆ ಎಂಜಿನ್ ಗುಡುಗಿಸಿಕೊಂಡು ಬೆನ್ನಟ್ಟುವುದು ಕ್ರೌರ್ಯವೇ. ಎಂಜಿನ್ ಆರಿಸಿ ಕಾಯುವ ದೋಣಿಯವರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

"ಚಿಕ್ಕಪ್ಪ, ನಿದ್ದೆ ಬಂದ್ರೆ ಮುಳುಗಿಹೋಗಲ್ವಾ?"

ಮಿದುಳಿನ ಒಂದು ಪಾಲು ಮಲಗಿದರೆ ಇನ್ನೊಂದು ಎಚ್ಚರವಿದ್ದು ಉಸಿರು ನೋಡಿಕೊಳ್ಳುತ್ತದೆ ಎಂದೆ. ಅವಳು ನಂಬಲಿಲ್ಲ. ಲುಬಾನ್ ಕಥೆಯನ್ನೂ ಹೇಳಿದೆ: 2017ರಲ್ಲಿ ಒಮಾನ್ ಕಡಲಲ್ಲಿ ವಿಜ್ಞಾನಿಗಳು ಉಪಗ್ರಹ ಟ್ಯಾಗ್ ಹಾಕಿದ ಹೆಣ್ಣು ತಿಮಿಂಗಿಲವೊಂದು ಇದೇ ಅರಬ್ಬಿ ಸಮುದ್ರವನ್ನು ಅಡ್ಡ ಈಜಿ ನಮ್ಮ ಪಶ್ಚಿಮ ಕರಾವಳಿಯತ್ತ ಬಂದಿತ್ತು.

"ಅಲ್ಲಿಗೇ ಹೋಗೋಣ ನಡೀರಿ!"

ದೋಣಿಯವರು ನಕ್ಕರು. "ಅದು ಬಹಳ ಆಚೆ ಪುಟ್ಟಿ, ಈ ದೋಣಿಯಲ್ಲಿ ಆಗೋದಿಲ್ಲ. ದೊಡ್ಡವಳಾಗಿ ಟ್ರಾಲರ್ ತಗೊಂಡು ಬಾ, ನಾನೇ ನಡೆಸ್ತೇನೆ."